ಸೊಟ್ಟ ಸ್ಟೇರಿಂಗು

ಸ್ಟೇರಿಂಗು ಮನೆಗೆ ಬಂದದ್ದು ಗೋಧಿಯ ಚೀಲದಲ್ಲಿ. ಫಾರೂಕ್ ಅದನ್ನು ಹುಬ್ಬಳ್ಳಿಯ ಗುಜರಿ ಬಜಾರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಸೀದಾ ಅಡಿಗೆಮನೆಗೆ ಹೋಗಿ ಒಲೆಯ ಪಕ್ಕ ಇಳಿಸಿದಾಗ ಅವನ ತಾಯಿ ದಿಲಶಾದಬಿ ರೊಟ್ಟಿ ಬಡಿಯುತ್ತಿದ್ದಳು.

"ಜರಡಿ ತಂದ್ಯಾ?" ಎಂದಳು, ಚೀಲದ ದುಂಡು ನೋಡಿ.

"ಜರಡಿ ಅಲ್ಲಮ್ಮಿ, ಸ್ಟೇರಿಂಗು. ಅಂಬಾಸಿಡರಂದ, ಪೂರಾ ಒರಿಜಿನಲ್ ಐತಿ."

"ಮತ್ತ ಒಲಿ ಮುಂದ ಯಾಕ ಇಟ್ಟಿ?"

"ಮೆತ್ತಗ ಮಾತಾಡು. ಅಬ್ಬಾಗ ಇವತ್ತ ಕಾಣೂದು ಬ್ಯಾಡ."

"ಕಂಡಿಲ್ಲ, ಬರೇ ಕೇಳಿಸ್ತು," ಎಂದು ಪಡಸಾಲೆಯಿಂದ ರಹಿಮಾನಸಾಬನ ದನಿ ಬಂತು. "ತಾ ಇಲ್ಲಿ."

ಫಾರೂಕ್ ತಾಯಿಯ ಮುಖ ನೋಡಿದ. ಅವಳು ಹಿಟ್ಟಿನ ಕೈಯಿಂದಲೇ 'ಹೋಗು' ಎಂದು ಸನ್ನೆ ಮಾಡಿದಳು.

ಮಂಚದ ಮೇಲೆ ಕುಳಿತಿದ್ದ ರಹಿಮಾನಸಾಬ ಸ್ಟೇರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಅದರ ಸುತ್ತ ಒಂದು ಸುತ್ತು ಸವರಿದ. "ಇದು ಟ್ಯಾಕ್ಸಿ ಗಾಡೀದಲ್ಲ," ಎಂದ. "ಯಾವನೋ ಸಾಹೇಬನ ಗಾಡೀದು. ಸವದೇ ಇಲ್ಲ ನೋಡು." ಎಡಗೈ ಮಾತ್ರ ಅವನ ಮಗ್ಗುಲಲ್ಲಿ, ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು.

ಅದು ಎರಡು ಸಾವಿರದ ಒಂದನೇ ಇಸವಿ. ಕಿತ್ತೂರಿನ ಮುಂದೆ ಹಾದುಹೋಗುವ ಹೈವೇ ಅಗಲವಾಗುತ್ತಿತ್ತು. ದಾರಿಯುದ್ದಕ್ಕೂ ಖಡಿಯ ಗುಡ್ಡೆಗಳು, ರಸ್ತೆಗೆ ಹಾಸುವ ಜಲ್ಲಿಕಲ್ಲು. ನಾಲ್ಕು ವಾರದ ಹಿಂದೆ ರಹಿಮಾನಸಾಬ ಧಾರವಾಡಕ್ಕೆ ಯಾರನ್ನೋ ಬಿಟ್ಟು ಖಾಲಿ ಗಾಡಿ ತರುತ್ತಿದ್ದಾಗ, ದೇಗಾಂವಿಗೆ ತಿರುಗುವ ಕಡೆ ಅವನ ಎಡಗೈ ಒಮ್ಮೆಲೇ ಹಗುರಾಯಿತು, ಆಮೇಲೆ ಇಲ್ಲವೇ ಆಯಿತು. ಗಾಡಿ ಹೋಗಿ ಖಡಿಯ ಗುಡ್ಡೆಗೆ ಹಣೆ ಹಚ್ಚಿ ನಿಂತಿತು. ಪೆಟ್ಟು ಯಾರಿಗೂ ಆಗಲಿಲ್ಲ. ಅವನ ಎದೆಯ ಭಾರಕ್ಕೆ ಸ್ಟೇರಿಂಗು ಬಾಗಿತು, ಅಷ್ಟೆ. ದವಾಖಾನೆಯವರು 'ಲಕ್ವಾ, ಸಣ್ಣದು' ಎಂದರು. ಹನ್ನೊಂದು ದಿನದ ನಂತರ ಮನೆಗೆ ಬಂದಾಗ ಸೊಟ್ಟಾದ ಬಾಯಿ ಸರಿಹೋಗಿತ್ತು, ಕಾಲೂ ಬಂದಿತ್ತು. ಕೈ ಬರಲಿಲ್ಲ. ತೊಡೆಯ ಮೇಲೆ ಇಟ್ಟರೆ ಇರುತ್ತಿತ್ತು, ಬೆರಳು ಅರ್ಧ ಮಡಚುತ್ತಿದ್ದವು. ಎದೆಯ ಮಟ್ಟಕ್ಕೆ ಎತ್ತೆಂದರೆ ಎತ್ತುತ್ತಿರಲಿಲ್ಲ.

ಹತ್ತೊಂಬತ್ತು ವರ್ಷ ಅದೇ ಗಾಡಿಯಲ್ಲಿ ಕಿತ್ತೂರಿನಿಂದ ಬೈಲಹೊಂಗಲಕ್ಕೆ ಸೀಟು ತುಂಬಿ ಹೊಡೆದವನು ಅವನು. ಈಗ ದಿನಕ್ಕೊಮ್ಮೆ, ಹೆಚ್ಚಾಗಿ ಊಟದ ಹೊತ್ತಿಗೆ, "ನಾ ಮತ್ತ ಗಾಡಿ ಹೊಡೀತೇನಿ," ಎನ್ನುತ್ತಿದ್ದ. ಫಾರೂಕ್ ಆಗ ತನ್ನ ತಾಟು ನೋಡುತ್ತಿದ್ದ. ಸಿಮೆಂಟಿನ ಅಂಗಡಿಯ ಕೆಲಸ ಬಿಟ್ಟು ಗಾಡಿ ನಡೆಸಲು ತಯಾರಾದವನು ಅವನು. ಕಾಲೇಜಿಗೆ ಹೋಗುವ ಮಗಳು ಹಿನಾಕೌಸರ, "ಮೊದಲ ಪಲ್ಯ ಕಲಸಿಕೊಂಡ ಉಣ್ಣ್ರಿ ಅಬ್ಬಾ, ಆಮ್ಯಾಲ ಗಾಡಿ," ಎನ್ನುತ್ತಿದ್ದಳು. ಹಾಗೆ ಅನ್ನಲು ಆ ಮನೆಯಲ್ಲಿ ಅವಳೊಬ್ಬಳಿಗೇ ಸಾಧ್ಯವಿತ್ತು.

ಗ್ಯಾರೇಜಿನ ದುರ್ಗಪ್ಪ ಮಿಸ್ತ್ರಿ ರೇಡಿಯೇಟರು, ಬಂಪರು ಮಾಡಿಕೊಟ್ಟಿದ್ದ. ಸ್ಟೇರಿಂಗಿಗೆ ಮತ್ತೆ ಅವನ ಹತ್ತಿರ ಒಯ್ದರೆ ಇನ್ನೂ ನಾಲ್ಕು ದಿನ ಗಾಡಿ ನಿಲ್ಲುತ್ತದೆಂದು ಫಾರೂಕ್ ಮನೆಯಲ್ಲೇ ಕೂರಿಸಲು ಹೊರಟ.

ಮರುದಿನ ಬೆಳಿಗ್ಗೆ ರಹಿಮಾನಸಾಬನ ಮಂಚ ಅಂಗಳಕ್ಕೆ ಬಂತು. ಅಂಗಳ ಬೀದಿಯ ಕಡೆಗೆ ಇಳಿಜಾರು. ಗಟಾರದ ದಂಡೆಯಲ್ಲೊಂದು ಕಲ್ಲು. ಗಾಡಿ ಯಾವಾಗಲೂ ಮುಂದಿನ ಗಾಲಿಯನ್ನು ಆ ಕಲ್ಲಿಗೆ ಆನಿಸಿಕೊಂಡೇ ನಿಲ್ಲುವುದು.

"ನಟ್ ಪೂರಾ ತಗೀಬ್ಯಾಡ," ಎಂದ ರಹಿಮಾನಸಾಬ. "ನಾಕು ಸುತ್ತು ಇರಲಿ. ಇಲ್ಲಂದ್ರ ಜಗ್ಗಿದಾಗ ಸ್ಟೇರಿಂಗು ಎಗರಿ ಮಾರಿಗೆ ಬಡೀತದ. ಹಲ್ಲು ಹೋದ್ರ ಹೆಣ್ಣು ಕೊಡಂಗಿಲ್ಲ ಯಾರೂ."

"ಹಲ್ಲು ಇದ್ದಾಗ ಎಷ್ಟ ಮಂದಿ ಕೊಡಾಕ ಬಂದಾರ?" ಎಂದಳು ಹಿನಾ.

"ನೀ ಸುಮ್ನ ಈ ಕಡೆ ಹಿಡಿ," ಎಂದ ಫಾರೂಕ್.

ಹಾರ್ನಿನ ಗುಂಡಿ ತೆಗೆದು, ಪಾನಾ ಹಾಕಿ ನಟ್ ಸಡಿಲಿಸಿ, ಅಣ್ಣ ತಂಗಿ ಇಬ್ಬರೂ ಮೊಣಕಾಲು ಒತ್ತಿ ಜಗ್ಗಿದರು. ಬರಲಿಲ್ಲ. ರಹಿಮಾನಸಾಬ ಕಟ್ಟಿಗೆಯ ತುಂಡು ಇಟ್ಟು ನಡುವೆ ಮೆಲ್ಲಗೆ ಸುತ್ತಿಗೆ ಕೊಡಲು ಹೇಳಿದ. ಎರಡನೆಯ ಏಟಿಗೆ 'ಟಪ್' ಎಂದು ಬಿಟ್ಟುಕೊಂಡಿತು. ಹಿನಾ ಸೀಟಿನ ಮೇಲೆ ಹಿಂದಕ್ಕೆ ಬಿದ್ದು ನಕ್ಕಳು. ಸ್ಟೇರಿಂಗು ಕೂರುವ ಕೊಳವೆಯ ತುದಿಯಲ್ಲಿ ಸುತ್ತಲೂ ಸಣ್ಣ ಹಲ್ಲುಗಳು. ಹೊಸ ಸ್ಟೇರಿಂಗನ್ನು ಹಲ್ಲಿಗೆ ಹಲ್ಲು ಕೂರಿಸಬೇಕು. ಹಳೆಯದು ನೆಟ್ಟಗಿದ್ದರೆ ಬಿಚ್ಚುವ ಮೊದಲು ಗುರುತು ಮಾಡಬಹುದಿತ್ತು. ಅದು ಬಾಗಿ ತೆಂಗಿನ ಚಿಪ್ಪಿನಂತಾಗಿತ್ತು.

"ಗಾಲಿ ಸೀದಾ ಅದಾವೇನು ನೋಡು," ಎಂದ ರಹಿಮಾನಸಾಬ.

ಹಿನಾ ಇಳಿದು ನೋಡಿದಳು. "ಸೀದಾ ಅದಾವ. ಯಾವಾಗಿನಂಗ."

ದಿಲಶಾದಬಿಯೂ ಬಾಗಿಲಿಂದ ನೋಡಿದಳು. ದಿನಾ ಬೆಳಿಗ್ಗೆ ಆ ಗಾಲಿಗಳ ಮೇಲೆ ಕೊಡ ನೀರು ಸುರಿದು ತೊಳೆದವಳು ಅವಳು. "ಸೀದಾನ ಅದಾವ," ಎಂದಳು.

ರಹಿಮಾನಸಾಬ ತಾನೂ ಕುತ್ತಿಗೆ ಚಾಚಿ ನೋಡಿದ. "ಹಾಂ. ಕೂಡಸು."

ಮನೆಯ ನಾಲ್ಕು ಜನರಿಗೂ ಆ ಗಾಲಿಗಳು ಕಲ್ಲಿಗೆ ಆನಿ ಬಲಕ್ಕೆ ತಿರುಗಿ ನಿಂತದ್ದು ಕಾಣಲಿಲ್ಲ. ಹತ್ತೊಂಬತ್ತು ವರ್ಷದಿಂದ ಅವು ಹಾಗೆಯೇ ನಿಂತಿದ್ದವು.

*

ಮಾರನೆಯ ದಿನ ಫಾರೂಕ್ ಮೊದಲ ಟ್ರಿಪ್ಪಿಗೆ ಹೋದವನು ಊಟಕ್ಕೆ ಬಂದಾಗ ಗಾಡಿಯನ್ನು ಅಂಗಳಕ್ಕೆ ತರಲಿಲ್ಲ. ಬೀದಿಯಲ್ಲೇ ನೆಟ್ಟಗೆ ನಿಲ್ಲಿಸಿ ಧಡಧಡ ಒಳಗೆ ಬಂದ.

"ಪಾನಾ ಎಲ್ಲಿ ಐತಿ?"

"ಮೊದಲ ಕೈ ತೊಳಿ," ಎಂದಳು ದಿಲಶಾದಬಿ.

"ಸೊಟ್ಟ ಕುಂತೈತಿ ಅಮ್ಮಿ! ಗಾಡಿ ಸೀದಾ ಹೊಂಟ್ರ ಸ್ಟೇರಿಂಗು ಎಡಕ್ಕ ವಾಲಿರ್ತದ. ಸ್ಟ್ಯಾಂಡಿನ್ಯಾಗ ಎಲ್ಲಾರೂ ಏನಂದ್ರು ಗೊತ್ತೇನು? 'ಏನೋ ಫಾರೂಕ್, ಗಾಡಿ ಬೈಲಹೊಂಗಲಕ್ಕ ಹೊಂಟೈತೋ, ಯಾರದರ ಹೊಲಕ್ಕ ಹೊಂಟೈತೋ?' ಅಂದ್ರು."

"ಮಿಸ್ತ್ರಿನ್ನ ಕೇಳಿದೇನು?"

"ಕೇಳಿದೆ. 'ಗಾಡಿಗೇನೂ ಆಗಂಗಿಲ್ಲ, ಕಣ್ಣಿಗೆ ಆಗ್ತದ' ಅಂದ."

"ಹಂಗಾದ್ರ ಉಂಡು ಸರಿ ಮಾಡು. ಪುಂಡಿಪಲ್ಯ ಐತಿ."

ಅವನು ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಹೊರಗೆ ಗಾಡಿಯ ಬಾಗಿಲು ಹಾಕಿದ ಸಪ್ಪಳ ಕೇಳಿತು. ದಿಲಶಾದಬಿ ಹೋಗಿ ನೋಡಿದಳು. ರಹಿಮಾನಸಾಬ ಡ್ರೈವರನ ಸೀಟಿನಲ್ಲಿ ಕುಳಿತಿದ್ದ. ದವಾಖಾನೆಯಿಂದ ಬಂದ ಮೇಲೆ ಅವನು ಅಲ್ಲಿ ಕುಳಿತದ್ದು ಅದೇ ಮೊದಲು. ಅವಳು ಬೈಯಲೆಂದು ಹತ್ತಿರ ಹೋದವಳು ಕಿಟಕಿಯಲ್ಲಿ ನಿಂತುಬಿಟ್ಟಳು.

ಸ್ಟೇರಿಂಗಿನ ಅಡ್ಡಪಟ್ಟಿ ನೆಟ್ಟಗಿದ್ದರೆ ಎದೆಯ ಮಟ್ಟಕ್ಕೆ ಇರಬೇಕು. ಈಗ ಅದರ ಎಡತುದಿ ವಾಲಿ ಅವನ ತೊಡೆಯ ಹತ್ತಿರಕ್ಕೆ ಬಂದಿತ್ತು. ಮೇಲೇಳದ ಆ ಎಡಗೈ ಅಲ್ಲೇ, ತಾನಿದ್ದಲ್ಲೇ, ಪಟ್ಟಿಗೆ ಹೆಬ್ಬೆರಳು ಸಿಗಿಸಿಕೊಂಡು ಕುಳಿತಿತ್ತು. ನಾಲ್ಕು ವಾರದಲ್ಲಿ ಆ ಕೈ ಏನನ್ನಾದರೂ ಹಿಡಿದದ್ದನ್ನು ಅವಳು ನೋಡಿರಲಿಲ್ಲ.

"ನೋಡಿದೇನು?" ಎಂದ ರಹಿಮಾನಸಾಬ, ಪಿಸುದನಿಯಲ್ಲಿ. ಜೋರಾಗಿ ಮಾತಾಡಿದರೆ ಕೈ ಎದ್ದು ಹೋಗುತ್ತದೇನೋ ಎಂಬಂತೆ.

ಪಾನಾ ಹಿಡಿದು ಬಂದ ಫಾರೂಕನಿಗೆ ಅವನು, "ಮುಟ್ಟಬ್ಯಾಡ," ಎಂದ.

"ಅಬ್ಬಾ, ಮಂದಿ ನಗ್ತಾರ."

"ನಗಲಿ. ನಕ್ಕೋತ ಹತ್ತತಾರ, ನಕ್ಕೋತ ಇಳೀತಾರ. ನಿನಗೇನು ತ್ರಾಸು?"

"ದಿನಾ ಹೊಡಿಯಾಂವ ನಾನು!"

"ಈ ಗಾಡಿ ನಿನಗಿಂತ ಮೊದಲಿಂದ ಯಾರು ಹೊಡದಾರ?"

"ಅದಕ್ಕ ಖಡಿ ಗುಡ್ಡಿಗೆ ಹೋಗಿ ನಿಂತೈತಿ!"

ಅಂದದ್ದನ್ನು ಫಾರೂಕ್ ತಾನೇ ಕೇಳಿಸಿಕೊಂಡ. ಪಾನಾ ಬಾನೆಟ್ಟಿನ ಮೇಲಿಟ್ಟು ಒಳಗೆ ಹೋಗಿ ಅರ್ಧ ಉಂಡ ತಾಟಿನ ಮುಂದೆ ಕುಳಿತ. ದಿಲಶಾದಬಿ ಹಿಂದೆಯೇ ಬಂದು ಇನ್ನೊಂದು ಬಿಸಿ ರೊಟ್ಟಿ ಹಾಕಿದಳು, ಅದರ ಮೇಲೆ ಬೆಣ್ಣೆ ಇಟ್ಟಳು.

"ಎಂಟ ದಿನ ಹಂಗ ನಡಸು," ಎಂದಳು.

"ಎಂಟ ದಿನಕ್ಕ ಕೈ ಬರ್ತದೇನು?"

"ಬರ್ತದ ಅಂತ ನಾ ಅಂದಿಲ್ಲ. ಎಂಟ ದಿನ ನಡಸು ಅಂದೆ."

ಅವನು ಬೆಣ್ಣೆಯನ್ನು ಬೆರಳಿನಿಂದ ರೊಟ್ಟಿಯ ತುಂಬ ಸವರಿದ. ಎದ್ದು ಹೋಗುವಾಗ ಪಾನಾವನ್ನು ಮೊಳೆಗೆ ತೂಗುಹಾಕಿ ಹೋದ.

ಎಂಟು ದಿನ ಹದಿನೈದಾಯಿತು, ಹದಿನೈದು ದಿನ ಒಂದು ತಿಂಗಳಾಯಿತು. ಫಾರೂಕ್ ಸೊಟ್ಟ ಸ್ಟೇರಿಂಗಿನಲ್ಲೇ ಬೈಲಹೊಂಗಲಕ್ಕೆ ಹೋಗಿ ಬರುತ್ತಿದ್ದ. ಸ್ಟ್ಯಾಂಡಿನವರ ಚೇಷ್ಟೆಗೆ ಮೊದಮೊದಲು ಸಿಟ್ಟಾಗುತ್ತಿದ್ದವನು ಆಮೇಲೆ, "ನಮ್ಮ ಗಾಡಿ ಒಳ್ಳೆ ಮನೆತನದ್ದಪಾ, ತಲಿ ತಗ್ಗಿಸ್ಕೊಂಡ ಹೋಗ್ತದ," ಎನ್ನಲು ಕಲಿತ.

*

ದವಾಖಾನೆಯವರು ಕೈಗೆ ಹಿಚುಕಲು ರಬ್ಬರಿನ ಚೆಂಡು ಕೊಟ್ಟಿದ್ದರು. ರಹಿಮಾನಸಾಬನಿಗೆ ಅದು ನಾಚಿಕೆ; ಓಣಿಯವರು ಬಂದರೆ ದಿಂಬಿನ ಕೆಳಗೆ ಹೋಗುತ್ತಿತ್ತು. ದಿಲಶಾದಬಿ ಚೆಂಡು ಬಿಡಿಸಿ ಚಪಾತಿಯ ಹಿಟ್ಟು ಕೊಟ್ಟಳು. ಸಂಜೆ ಅವನು ಎಡಗೈಯಿಂದ ಹಿಟ್ಟು ಹಿಚುಕುವುದು, ಅವಳು ಅದನ್ನೇ ಲಟ್ಟಿಸುವುದು. "ಇವತ್ತಿನ ಚಪಾತಿ ಚಲೋ ಆಗ್ಯಾವ, ಅಬ್ಬಾಗ ಸಿಟ್ಟ ಬಂದಿತ್ತೇನು?" ಎಂದು ಹಿನಾ ಕೇಳುತ್ತಿದ್ದಳು.

ಶುಕ್ರವಾರ ಮಧ್ಯಾಹ್ನದ ನಮಾಜಿನ ನಂತರ ಫಾರೂಕ್ ಗಾಡಿ ತೆಗೆಯುತ್ತಿರಲಿಲ್ಲ. ಊಟ ಮಾಡಿ ಸ್ನೇಹಿತರ ಹತ್ತಿರ ಹೋಗುತ್ತಿದ್ದ. ಅಂಥ ಒಂದು ಶುಕ್ರವಾರ ರಹಿಮಾನಸಾಬ ಹೆಂಡತಿಗೆ, "ಚಪ್ಪಲಿ ಮೆಟ್ಟು," ಎಂದ.

"ಎಲ್ಲಿಗಿ?"

"ಕೆರಿ ಹಿಂದಿನ ಬಯಲಿಗೆ. ಹತ್ತ ನಿಮಿಷ."

"ಹುಚ್ಚಹಿಡದೈತೇನ್ರಿ? ಗೇರ ಹಾಕೂ ಕೈ ಆ ಎಡಗೈನ. ಯಾವ ಕೈಲೆ ಹಾಕತೀರಿ?"

"ನಿನ್ನ ಕೈಲೆ."

ಅಂಬಾಸಿಡರಿನ ಗೇರಿನ ಕೋಲು ಸ್ಟೇರಿಂಗಿನ ಎಡಮಗ್ಗುಲಿಗೇ ಇರುತ್ತದೆ. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಪಕ್ಕದಲ್ಲಿ ಕುಳಿತವರ ಕೈಗೆ ಅದು ಸುಲಭವಾಗಿ ಎಟಕುತ್ತದೆ. ಹತ್ತೊಂಬತ್ತು ವರ್ಷದಲ್ಲಿ ದಿಲಶಾದಬಿ ಆ ಗಾಡಿಯನ್ನು ಹೊರಗೆ ಒಳಗೆ ತೊಳೆದಿದ್ದಳು, ಸೀಟಿಗೆ ಕವರು ಹೊಲಿದಿದ್ದಳು. ಆ ಕೋಲನ್ನು ಒರೆಸಿದ್ದಳೇ ಹೊರತು ಎಳೆದಿರಲಿಲ್ಲ.

"ನಾ ಕ್ಲಚ್ ಒತ್ತತೇನಿ. 'ಹಾಕು' ಅಂದ್ರ ಹಾಕು. ಪೈಲಾ ಮ್ಯಾಲ, ದೂಸ್ರಾ ಕೆಳಗ."

"ಎಷ್ಟ ಜೋರ ಎಳೀಬೇಕು?"

"ಮಜ್ಜಿಗಿ ಗಡಿಗಿ ಮುಚ್ಚಳ ತಗದಂಗ."

ಮೊದಲ ಸಲ ಗಾಡಿ ಕಪ್ಪೆಯಂತೆ ಜಿಗಿದು ನಿಂತಿತು. ಎರಡನೆಯ ಸಲ ಒಳಗೆಲ್ಲೋ ಕರಕರ ಎಂದಿತು. "ಹಲ್ಲು ಕಡೀತು, ನಿನ್ನ ಮ್ಯಾಲ ಸಿಟ್ಟಾಗೇತಿ," ಎಂದ. ಐದನೆಯ ಸಲಕ್ಕೆ ಗಾಡಿ ಬಯಲಿನಲ್ಲಿ ಒಂದು ಸುತ್ತು ಹೊಡೆಯಿತು. ಅವನ ಬಲಗೈ ಸ್ಟೇರಿಂಗಿನ ಮೇಲೆ, ಎಡಗೈಯ ಹೆಬ್ಬೆರಳು ವಾಲಿದ ಪಟ್ಟಿಯಲ್ಲಿ, ಗೇರಿನ ಮೇಲೆ ಅವಳ ಕೈ. ಮೂರು ಕೈಗಳ ಆ ಡ್ರೈವರ್ ಗಾಡಿಯನ್ನು ಎರಡನೆಯ ಸುತ್ತಿಗೂ ಒಯ್ದ. ರಹಿಮಾನಸಾಬ ಮನೆಗೆ ಬಂದು ಚಹಾ ಕುಡಿದು, ಇನ್ನೊಂದು ಕಪ್ಪು ಕೇಳಿದ.

ನಾಲ್ಕನೆಯ ಶುಕ್ರವಾರದ ಹೊತ್ತಿಗೆ ಅವನು 'ಹಾಕು' ಅನ್ನುವುದನ್ನೇ ಬಿಟ್ಟ. ಇಂಜಿನ್ನಿನ ದನಿ ಬದಲಾದದ್ದು ಅವಳಿಗೇ ತಿಳಿಯುತ್ತಿತ್ತು. ಅವನ ಎಡಗಾಲು ಒತ್ತಿದರೆ ಅವಳ ಕೈ ಏಳುತ್ತಿತ್ತು. ಮುಂದಿನ ಗಾಜಿನ ಆಚೆ ಅವಳು ನೋಡುತ್ತಿರಲಿಲ್ಲ. ಅವಳ ಕಣ್ಣು ಆ ಕಾಲು, ಆ ಕೋಲು ಎರಡರ ಮೇಲೆಯೇ.

ಇದು ಫಾರೂಕನಿಗೆ ತಿಳಿದಿದೆಯೆಂದು ಮನೆಯವರಿಗೆ ಗೊತ್ತಾದದ್ದು ಒಂದು ದಿನ ಊಟಕ್ಕೆ ಕುಳಿತಾಗ, ಅವನೇ ಹೇಳಿದ್ದರಿಂದ.

"ಕೆರಿ ಹಿಂದ ಯಾರೋ ಅಂಬಾಸಿಡರ್ ಕಲಿಯಾಕತ್ತಾರಂತ," ಎಂದ, ಅನ್ನಕ್ಕೆ ಸಾರು ಕಲಸುತ್ತ. "ನಮ್ಮ ಗಾಡಿಯಂಥಾದ್ದ ಅಂತ."

ರಹಿಮಾನಸಾಬ, ದಿಲಶಾದಬಿ ತಮ್ಮ ತಮ್ಮ ತಾಟು ನೋಡಿದರು. ಹಿನಾ ಮಾತ್ರ, "ಹೌದ? ಹೆಂಗ ಹೊಡೀತಾರಂತ?" ಎಂದಳು.

"ನಾನ ನೋಡಿ ಬಂದೇನಿ. ನಮ್ಮಮ್ಮಿ ಬಗ್ಗಿ ಬಗ್ಗಿ ಗೇರ ಹಾಕತಿದ್ಲು." ಅವನ ದನಿ ಏರಿತು. "ಅಬ್ಬಾ, ನಿಮಗ ತಿಳಿಯಂಗಿಲ್ಲೇನು? ಒಂದು ಆಕಳ ಅಡ್ಡ ಬಂದ್ರ?"

"ಆಕಳಿಗೆ ನನ್ನಕಿಂತ ಬುದ್ಧಿ ಐತಿ, ಸರೀತದ."

"ನಗೂ ಮಾತಲ್ಲ ಇದು!"

"ನಾ ಏನು ಸೀಟ ತುಂಬೇನೇನು? ಖಾಲಿ ಬಯಲ ಐತಿ, ನಾನು, ನಿಮ್ಮಮ್ಮಿ."

"ನೀವಿಬ್ಬರೂ ಹೋದ್ರ ನಾವೇನ ಮಾಡೂಣು?" ಎಂದ ಫಾರೂಕ್. ದಿಲಶಾದಬಿ ಅವನ ಅನ್ನದ ಮೇಲೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು. ಮರುದಿನವೂ ಅವನು ಪಾನಾ ಮುಟ್ಟಲಿಲ್ಲ.

*

ಸೀಗಿ ಹುಣ್ಣಿಮೆಗೆ ಹತ್ತು ದಿನವಿರುವಾಗ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯ ಶಂಕರೆಪ್ಪ ಬಂದ. ಹದಿನಾಲ್ಕು ವರ್ಷದಿಂದ ಅವನೂ ಅವನ ಹೆಂಡತಿ ಸತ್ಯವ್ವನೂ ಆ ಹುಣ್ಣಿಮೆಗೆ ರಹಿಮಾನಸಾಬನ ಗಾಡಿಯಲ್ಲೇ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು.

"ಏನಪಾ ಸಾಬ, ರೊಕ್ಕ ಇಲ್ಲದ ಆರಾಮ ಮಾಡಾಕತ್ತೀಯಲ್ಲ," ಎಂದು ಕಟ್ಟೆಯ ಮೇಲೆ ಕುಳಿತ. "ಹುಣ್ಣಿಮಿಗೆ ಗಾಡಿ ಬೇಕು. ಗಾಡಿ ಅಷ್ಟ ಅಲ್ಲ, ನೀನೂ ಬೇಕು. ನಮ್ಮಾಕಿ ಬ್ಯಾರೆಯವರು ಹೊಡದ್ರ ಕಣ್ಣು ಮುಚ್ಚಿ ಕುಂತಬಿಡ್ತಾಳ, ಗುಡ್ಡ ಬಂದ್ರೂ ತೆಗಿಯಂಗಿಲ್ಲ."

"ಫಾರೂಕ್ ಚಲೋ ಹೊಡೀತಾನ್ರಿ," ಎಂದಳು ದಿಲಶಾದಬಿ, ಚಹಾ ಕೊಡುತ್ತ.

"ಹೊಡೀತಾನವ್ವಾ, ಇಲ್ಲ ಅಂದೆನೇನು? ಆದ್ರ ರೂಢಿ ಒಂದ ಇರ್ತದಲ್ಲ."

ರಹಿಮಾನಸಾಬ ಶಂಕರೆಪ್ಪನಿಗೆ ಕಾಣದಂತೆ ಎಡಗೈಯನ್ನು ಟವೆಲಿನ ಕೆಳಗೆ ಇಟ್ಟುಕೊಂಡಿದ್ದ. "ಬರ್ತೇನಿ," ಎಂದ. "ಈ ಸಲ ಈಕಿನೂ ಬರ್ತಾಳ ಜೋಡಿ. ಗುಡ್ಡ ನೋಡಿಲ್ಲ ಈಕಿ."

"ಬರ್ಲಿ ಬರ್ಲಿ! ಸತ್ಯವ್ವಗ ಮಾತಾಡಾಕ ಒಂದ ಕಿವಿ ಸಿಕ್ಕಂಗಾತು."

ಶಂಕರೆಪ್ಪ ಹೋದ ಮೇಲೆ ದಿಲಶಾದಬಿ ಕಪ್ಪುಬಸಿ ತೊಳೆಯುತ್ತ ಹೊತ್ತು ಮಾಡಿದಳು.

"ಹೂಂ ಅಂದ್ರಲ್ಲ," ಎಂದಳು ಕೊನೆಗೆ.

"ಒಂದ ಸಲ," ಎಂದ ಅವನು. "ಒಂದ ಸಲ ಹೋಗಿ ಬಂದ್ರ ಸಾಕು. ಆಮ್ಯಾಲ ನೀ ಹೇಳಿದಂಗ."

ಆ ಶುಕ್ರವಾರ ಬಯಲಿನಲ್ಲಿ ಅವನು ಎಂದಿಗಿಂತ ಜೋರಾಗಿ ಹೊಡೆದ. ಗುಡ್ಡದ ತಿರುವಿನ ಅಭ್ಯಾಸ ಎಂದು ಮೂರನೆಯ ಗೇರಿನಲ್ಲೇ ತಿರುಗಿಸುತ್ತಿದ್ದ. ಬಲಗಡೆಯ ಜಾಲಿಯ ಮರೆಯಿಂದ ಒಬ್ಬ ಹೆಂಗಸು ತಲೆಯ ಮೇಲೆ ಹಸಿ ಹುಲ್ಲಿನ ಹೊರೆ ಹೊತ್ತು ಬಂದಳು. ಹೊರೆ ಅವಳ ಕಣ್ಣ ತನಕ ಇಳಿದಿತ್ತು. ರಹಿಮಾನಸಾಬ ಎಡಕ್ಕೆ ತಿರುಗಿಸಲು ಹೋದ. ಬಲಗೈ ಮೇಲಕ್ಕೆ ಹೋಗಿ ಹಿಡಿತ ಬದಲಿಸಬೇಕಾದಾಗ, ಆ ಒಂದು ಗಳಿಗೆ ಸ್ಟೇರಿಂಗನ್ನು ಎಡಗೈ ಹಿಡಿದಿರಬೇಕಿತ್ತು. ಹೆಬ್ಬೆರಳು ಪಟ್ಟಿಯಿಂದ ಜಾರಿತು. ಸ್ಟೇರಿಂಗು ಗರ್ರನೆ ವಾಪಸು ತಿರುಗಿತು. ಆಮೇಲೆ ಅವನು ಬ್ರೇಕು ಒತ್ತಿದ. ಗಾಡಿ ಜಗ್ಗಿ, ಇಂಜಿನ್ನು ಬಂದ್ ಆಗಿ, ಅವಳಿಂದ ಎರಡು ಮೊಳ ಈಚೆಗೆ ನಿಂತಿತು.

ಹೆಂಗಸು ಹೊರೆ ಸರಿಮಾಡಿಕೊಂಡು, "ಅಲ್ಲಿ ಹೊಡೀಬಾರದೇನ್ರೋ ಯಣ್ಣಾ," ಎಂದು ಬೈಯುತ್ತ ಹೋದಳು. ಎಷ್ಟು ಹತ್ತಿರವಿತ್ತೆಂದು ಅವಳಿಗೆ ತಿಳಿಯಲೇ ಇಲ್ಲ. ದಿಲಶಾದಬಿ ಅಂದು ಮೊದಲ ಸಲ ಗಾಜಿನ ಆಚೆ ನೋಡಿದ್ದಳು.

"ಮನ್ಯಾಗ ಹೇಳಬ್ಯಾಡ," ಎಂದ ರಹಿಮಾನಸಾಬ.

ಅವಳು ಹೇಳಲಿಲ್ಲ. ಹುಣ್ಣಿಮೆಯ ಮುನ್ನಾದಿನ ಬುತ್ತಿಗೆಂದು ಗರಿಗರಿಯಾದ ಖಟಕ ರೊಟ್ಟಿ ಬಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಗಂಡನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಹಿನಾ ಎರಡು ಸಲ, "ಏನಾತಮ್ಮಿ?" ಎಂದು ಕೇಳಿದಳು. "ಒಲಿ ಹೊಗಿ," ಎಂದಳು.

*

ಹುಣ್ಣಿಮೆಯ ದಿನ ಬಿಸಿಲೇರುವ ಮೊದಲೇ ಶಂಕರೆಪ್ಪ, ಸತ್ಯವ್ವ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಸತ್ಯವ್ವನ ಬುಟ್ಟಿಯಿಂದ ಕಡುಬಿನ ವಾಸನೆ ಬರುತ್ತಿತ್ತು. ಫಾರೂಕ್ ಕಟ್ಟೆಯ ಮೇಲೆ ಹಲ್ಲುಜ್ಜುತ್ತ, ನೋಡದವನಂತೆ ನೋಡುತ್ತ ನಿಂತಿದ್ದ. ಇಸ್ತ್ರಿಯ ಅಂಗಿ ತೊಟ್ಟ ರಹಿಮಾನಸಾಬ ತನ್ನ ಜಾಗದಲ್ಲಿ ಕುಳಿತು ಬಲಗೈಯಿಂದ ಎಡಗೈಯನ್ನು ಎತ್ತಿ ಪಟ್ಟಿಗೆ ಸಿಗಿಸಿದ. ದಿಲಶಾದಬಿ ಅವನ ಪಕ್ಕದಲ್ಲಿ ಕುಳಿತಳು. ಇಂಜಿನ್ನು ಶುರುವಾಯಿತು. ಅವನ ಎಡಗಾಲು ಕ್ಲಚ್ಚಿನ ಮೇಲೆ ಇಳಿಯಿತು.

ಅವಳ ಕೈ ಏಳಲಿಲ್ಲ.

ಅವನು ಕಾದ. "ಹಾಕು," ಎಂದ ಮೆಲ್ಲಗೆ.

"ಇಲ್ಲ."

"ದಿಲಶಾದ, ಮಂದಿ ಕುಂತಾರ ಹಿಂದ."

"ಅದಕ್ಕ ಇಲ್ಲ."

"ಏನಾತವ್ವಾ?" ಎಂದಳು ಸತ್ಯವ್ವ ಹಿಂದಿನಿಂದ. ಶಂಕರೆಪ್ಪ ಅವಳ ಮೊಣಕೈ ಹಿಡಿದು ಸುಮ್ಮನಾಗಿಸಿದ.

"ಆಕಿಗೆ ತಲಿಮ್ಯಾಲ ಹೊರಿ ಇತ್ತು, ಕಾಣಲಿಲ್ಲ," ಎಂದಳು ದಿಲಶಾದಬಿ. ಗಂಡನಿಗೆ ಮಾತ್ರ ಕೇಳುವಷ್ಟು ದನಿ. "ನನಗ ಕಾಣಿಸ್ತು. ಬಯಲಿನ್ಯಾಗ ನಾವಿಬ್ಬರ ಇದ್ರ ಬೇಕಾದಷ್ಟ ಹಾಕತೇನಿ. ಈ ಮಂದಿನ್ನ ಕುಂದ್ರಿಸ್ಕೊಂಡು ಹಾಕಂಗಿಲ್ಲ. ನೀವು ಬೈದ್ರೂ ಹಾಕಂಗಿಲ್ಲ."

ಅವನು ಬೈಯಲಿಲ್ಲ. ಕ್ಲಚ್ ಒತ್ತಿದ ಕಾಲು ಹಾಗೆಯೇ ಇತ್ತು. ಗಾಡಿ ಗಡಗಡ ಅಲುಗುತ್ತ ನಿಂತಿತ್ತು. ಮುಂದಿನ ಗಾಜಿನ ಮೇಲೆ ರಾತ್ರಿಯ ಮಂಜಿನ ಒಂದು ಹನಿ ಇಳಿದು, ನಿಂತು, ಮತ್ತೆ ಇಳಿಯಿತು. ಆಮೇಲೆ ಅವನು ಕೀಲಿ ತಿರುಗಿಸಿ ಇಂಜಿನ್ನು ಬಂದ್ ಮಾಡಿದ. ಬಲಗೈಯಿಂದ ಎಡಗೈಯ ಹೆಬ್ಬೆರಳನ್ನು ಪಟ್ಟಿಯಿಂದ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡ.

"ಫಾರೂಕ್," ಎಂದು ಕರೆದ. "ಪಾನಾ ತಾ."

ಫಾರೂಕ್ ಬಾಯಿಯ ನೊರೆಯೊಂದಿಗೇ ಓಡಿಬಂದ. "ಯಾಕ್ರಿ ಅಬ್ಬಾ?"

"ಸ್ಟೇರಿಂಗು ಸೀದಾ ಮಾಡೂಣು. ಇಷ್ಟ ದೂರ ಸೊಟ್ಟ ಹೊಡಕೊಂಡ ಹೋಗ್ತೀಯೇನು?"

"ಹಂಗ ಹೋಗ್ತೇನಿ ಬಿಡ್ರಿ. ರೂಢಿ ಆಗೈತಿ."

"ರೂಢಿ ಆಗಬಾರದು ಅಂತನ ಹೇಳಾಕತ್ತೇನಿ. ಹೋಗು, ಮಾರಿ ತೊಳಕೊಂಡು ಬಾ." ಹಿಂದಕ್ಕೆ ತಿರುಗಿ, "ಶಂಕರೆಪ್ಪ, ಹತ್ತ ನಿಮಿಷ ಇಳೀರಿ. ಗಾಡಿ ಸಪಾಟ ಜಾಗಾಕ್ಕ ನೂಕಬೇಕು. ಇಲ್ಲಿ ಈ ಕಲ್ಲಿಗೆ ನಿಂತ್ರ ಯಾವತ್ತೂ ಸೀದಾ ಕಾಣೂದಿಲ್ಲ."

"ಹುಣ್ಣಿಮಿ ದಿನಾ ನನ್ನ ಕಡೆ ಗಾಡಿ ನೂಕಸ್ತೀಯಲ್ಲೋ," ಎಂದು ಗೊಣಗಿದ ಶಂಕರೆಪ್ಪ ಧೋತರ ಎತ್ತಿ ಕಟ್ಟಿದ. ಹಿನಾ, ದಿಲಶಾದಬಿ, ಸತ್ಯವ್ವ ಕೂಡ ಕೈ ಹಚ್ಚಿದರು. ಗಾಡಿ ಬೀದಿಗೆ ಇಳಿದು ಹತ್ತು ಮಾರು ನೆಟ್ಟಗೆ ಉರುಳಿ ನಿಂತಿತು.

ಸ್ಟೇರಿಂಗು ಈ ಸಲ ಒಂದೇ ಏಟಿಗೆ ಬಂತು. ಫಾರೂಕ್ ಅದನ್ನು ತಂದೆಯ ಕೈಗೆ ಕೊಟ್ಟ. ರಹಿಮಾನಸಾಬ ಬಲಗೈಯಲ್ಲಿ ಹಿಡಿದು, ಕೊಳವೆಯ ತುದಿಗೆ ಆನಿಸಿ, ಬಲಕ್ಕೆ ಒಂದು ಹಲ್ಲು ತಿರುಗಿಸಿದ, ಮತ್ತೊಂದು, ಮತ್ತೊಂದು. ಹಿನಾ ಮುಂದೆ ನಿಂತು ಗಾಲಿ ನೋಡಿ, "ಈಗ ಖರೇನ ಸೀದಾ," ಎಂದಳು. ಅವನು ಒತ್ತಿ ಕೂರಿಸಿದ. ಅಡ್ಡಪಟ್ಟಿ ಎದೆಯ ಮಟ್ಟಕ್ಕೆ ಬಂತು.

"ನಟ್ ನೀ ಬಿಗಿ," ಎಂದು ಮಗನಿಗೆ ಹೇಳಿ ಅವನು ಇಳಿಯಲಿಲ್ಲ. ಬೆಂಚಿನ ಮೇಲೆ ಎಡಕ್ಕೆ ಸರಿದ. ದಿಲಶಾದಬಿ ಅತ್ತ ಬಾಗಿಲಿನಿಂದ ಹತ್ತಿ ಕಿಟಕಿಗೆ ಕುಳಿತಳು. ಬಿಗಿದು ಮುಗಿಸಿದ ಫಾರೂಕ್ ಡ್ರೈವರನ ಸೀಟಿನಲ್ಲಿ ಕುಳಿತು ಇಂಜಿನ್ನು ಶುರು ಮಾಡಿದ. ಕ್ಲಚ್ ಒತ್ತಿ ಗೇರಿಗೆಂದು ಎಡಗೈ ಚಾಚಿದ. ಕೋಲಿನ ಮೇಲೆ ಆಗಲೇ ಒಂದು ಕೈ ಇತ್ತು. ತಂದೆಯ ಬಲಗೈ.

ಫಾರೂಕ್ ಆ ಕೈಯನ್ನು ನೋಡಿದ. ತನ್ನದನ್ನು ಹಿಂದಕ್ಕೆ ತೆಗೆದುಕೊಂಡು ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟ.

"ಹಾಕ್ರಿ ಅಬ್ಬಾ."

"ಪೂರಾ ಒತ್ತು ಮೊದಲ. ಅರ್ಧಾ ಒತ್ತಿ 'ಹಾಕ್ರಿ' ಅಂತೀಯಲ್ಲ."

ಅವನು ಪೂರಾ ಒತ್ತಿದ. ಗಾಡಿ ಜಿಗಿಯದೆ, ಕರಕರ ಎನ್ನದೆ ಹೊರಟಿತು. ಹಿಂದಿನ ಸೀಟಿನಲ್ಲಿ ಸತ್ಯವ್ವ ಒಂದು ಕಣ್ಣು ಮುಚ್ಚಿ ಒಂದು ತೆರೆದಿದ್ದಳು. ಬೈಲಹೊಂಗಲದ ಹಾದಿಗೆ ಬಿದ್ದಾಗ ದಿಲಶಾದಬಿ ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡಿದಳು.

"ಇಲ್ಲೆಲ್ಲಾ ಹತ್ತಿ ಐತಲ್ರಿ," ಎಂದಳು.

"ಪ್ರತಿ ವರ್ಷ ಇರ್ತದ," ಎಂದ ರಹಿಮಾನಸಾಬ, ಮಗನ ಕಾಲಿನ ಮೇಲಿಂದ ಕಣ್ಣು ತೆಗೆಯದೆ. "ನೀ ನೋಡು. ನಾ ಈಗ ಕೆಲಸದಾಗ ಇದ್ದೇನಿ."